ಮೊದಲ ಸಾಲಿನ ಕುರ್ಚಿ

ಆಗಸ್ಟ್ 4, ಸೋಮವಾರ

ಕೆಲಸಕ್ಕೆ ಸೇರಿದ ಹತ್ತೊಂಬತ್ತು ವರ್ಷಕ್ಕೆ ನನ್ನ ಸರದಿ ಬಂತು. ಬೆಳಿಗ್ಗೆ ಸಾಹೇಬರು ವರ್ಕ್‌ಶಾಪಿಗೆ ಇಳಿದು ಬಂದು, ಈ ವರ್ಷ ನಮ್ಮ ವಿಭಾಗದಿಂದ ಒಬ್ಬರನ್ನು ತಂತ್ರಜ್ಞಾನ ಸಮ್ಮೇಳನಕ್ಕೆ ಕಳಿಸಲು ಆಸ್ಪತ್ರೆ ಒಪ್ಪಿದೆ, ನೀವು ಹೋಗಿ ಬನ್ನಿ ಅಂದರು. ನಾನು “ಆಯ್ತು ಸರ್, ಸಂಜೆಯೊಳಗೆ ಮುಗಿಸಿಕೊಡ್ತೀನಿ” ಅಂದೆ. ಎಲ್ಲರೂ ಗೊಳ್ಳೆಂದು ನಕ್ಕರು. ಎಕ್ಸಾಸ್ಟ್ ಫ್ಯಾನ್ ಆ ಪಾಟಿ ಗುಂಯ್‌ಗುಡುತ್ತಿದ್ದರೆ ಯಾರಿಗೆ ತಾನೇ ಸರಿಯಾಗಿ ಕೇಳಿಸುತ್ತೆ? ಅದನ್ನು ಬದಲಾಯಿಸಿ ಅಂತ ಎಷ್ಟು ಸಲ ಬರೆದುಕೊಟ್ಟಿದ್ದೇನೆ.

ಸಮ್ಮೇಳನ ಎರಡಿವೆಯಂತೆ. ಎರಡೂ ಅಕ್ಟೋಬರ್ ಹದಿನಾರು, ಹದಿನೇಳಕ್ಕೇ. ಯಾವುದು ಅಂತ ಸೆಪ್ಟೆಂಬರ್ ಮುಗಿಯುವುದರೊಳಗೆ ನಾನು ಹೇಳಬೇಕು. ಒಂದು ದೊಡ್ಡದು. ಗಾಜಿನ ಕಟ್ಟಡ, ನಾಲ್ಕು ಸಾವಿರ ಜನ, ಮುಂದೆ ಆಸ್ಪತ್ರೆಗಳು ಹೇಗಿರುತ್ತವೆ ಅಂತ ಹೇಳುವ ದೊಡ್ಡ ದೊಡ್ಡ ಮನುಷ್ಯರು. ಅದರ ಪುಸ್ತಿಕೆ ಎಷ್ಟು ನುಣುಪು ಅಂದರೆ ಎರಡು ಸಲ ಕೈಯಿಂದ ಜಾರಿ ಬಿತ್ತು. ಇನ್ನೊಂದು ಚಿಕ್ಕದು. ಒಂದು ಪಾಲಿಟೆಕ್ನಿಕ್ಕಿನ ಸಭಾಂಗಣ, ನನ್ನ ಹಾಗೆ ಆಸ್ಪತ್ರೆ ಯಂತ್ರಗಳನ್ನು ರಿಪೇರಿ ಮಾಡುವ ನೂರಿಪ್ಪತ್ತು ಜನ. ಒಂದೇ ಹಾಳೆ, ಎರಡೂ ಕಡೆ ಅಚ್ಚು. ಅದರ ಕೊನೆಯ ಸಾಲು ಓದಿದ್ದೇ ಹಾಳೆ ಮಡಚಿಟ್ಟೆ. “ಮೊದಲ ಬಾರಿ ಬರುವವರು ತಮ್ಮ ಕೆಲಸದ ಒಂದು ಅನುಭವವನ್ನು ಹತ್ತು ನಿಮಿಷ ಹೇಳಬೇಕು. ಆಮೇಲೆ ಪ್ರಶ್ನೆಗಳು ಇರುತ್ತವೆ. ಯಾರಿಗೂ ವಿನಾಯಿತಿ ಇಲ್ಲ.”

ಪ್ರಶ್ನೆಗಳು! ದೂರದಲ್ಲಿ ಕೂತವರು ಏನೋ ಕೇಳುವುದು, ನಾನು ಇನ್ನೇನೋ ಹೇಳುವುದು.

ದೊಡ್ಡದಕ್ಕೇ ಹೋಗುವುದು. ನಾಲ್ಕು ಸಾವಿರ ಜನರ ನಡುವೆ ನನ್ನನ್ನು ಯಾರು ಮಾತಾಡಿಸುತ್ತಾರೆ!

ಆಗಸ್ಟ್ 6, ಬುಧವಾರ

ಊಟದ ಮೇಜಿನ ಮೇಲೆ ಎರಡೂ ಕಾಗದ ಇಟ್ಟೆ. ಕಾಲೇಜಿಗೆ ಹೋಗುವ ಮಗಳು ತಟ್ಟೆ ಪಕ್ಕಕ್ಕೆ ಸರಿಸಿ ಎರಡನ್ನೂ ಓದಿದಳು. “ದೊಡ್ಡದರಲ್ಲಿ ನೋಡೋದು ಜಾಸ್ತಿ ಇರುತ್ತೆ, ಚಿಕ್ಕದರಲ್ಲಿ ಮಾಡೋದು ಜಾಸ್ತಿ ಇರುತ್ತೆ. ನಿಂಗೆ ಯಾವುದು ಬೇಕು?”

ನಮ್ಮವರು ಬಸ್ ಓಡಿಸಿ ಸುಸ್ತಾಗಿ ಬಂದಿದ್ದರು. “ನಿನಗೆಲ್ಲಿ ಖುಷಿಯೋ ಅಲ್ಲಿಗೆ ಹೋಗು” ಅಂದರು. ಕಿಟಕಿಗೆ ಯಾವ ಬಣ್ಣದ ಪರದೆ ಅಂತ ಕೇಳಿದರೂ ಅವರ ಉತ್ತರ ಇದೇ.

ಅತ್ತೆ ಕೇಳಿದ್ದು ಒಂದೇ ಪ್ರಶ್ನೆ. “ಎಲ್ಲಿ ಕೂರಿಸಿ ಊಟ ಹಾಕ್ತಾರೆ?” ದೊಡ್ಡದರಲ್ಲಿ ತಟ್ಟೆ ಹಿಡಿದು ನಿಂತೇ ತಿನ್ನಬೇಕು ಅಂದೆ. “ಹಾಗಾದ್ರೆ ಅದು ಬೇಡ” ಅಂತ ತೀರ್ಪು ಕೊಟ್ಟರು. ಅತ್ತೆಗೆ ಎಪ್ಪತ್ತೆಂಟು. ಕಿವಿಗೆ ಹಾಕುವ ಯಂತ್ರ ಇದೆ, ಅದು ಡ್ರಾಯರಿನಲ್ಲಿ ಇರುತ್ತೆ. ಅವರಿಗೆ ಬೇಕಾದ್ದೆಲ್ಲ ಅದಿಲ್ಲದೆಯೇ ಕೇಳಿಸುತ್ತೆ.

ಮಗಳು ನನ್ನ ಮೊಣಕೈ ಹಿಡಿದು ಅಲ್ಲಾಡಿಸಿದಳು. “ಅಮ್ಮಾ, ಮೂರು ಸಲ ಕೇಳಿದೆ, ನಿಂಗೆ ಯಾವುದು ಬೇಕು ಅಂತ.” ಅಡುಗೆಮನೆಯ ನಲ್ಲಿ ಸುರಿಯುತ್ತಿತ್ತು. ಅದೂ ಅಲ್ಲದೆ ಈಗಿನ ಮಕ್ಕಳು ಬಾಯಿ ತೆರೆದು ಎಲ್ಲಿ ಮಾತಾಡುತ್ತಾರೆ, ಎಲ್ಲ ತುಟಿಯೊಳಗೇ.

ಆಗಸ್ಟ್ 13, ಬುಧವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಮಧ್ಯಾಹ್ನ ನಾಲ್ಕನೇ ಮಹಡಿಯ ಸಿಸ್ಟರ್ ತಾವೇ ಒಂದು ಪಂಪು ಎತ್ತಿಕೊಂಡು ಕೆಳಗೆ ಬಂದರು. ರೋಗಿಯ ರಕ್ತನಾಳಕ್ಕೆ ಹನಿ ಹನಿಯಾಗಿ ಔಷಧಿ ಬಿಡುವ ಪಂಪು. ನಿನ್ನೆ ನಾನೇ ಪರೀಕ್ಷೆ ಮಾಡಿ, ಸಹಿ ಹಾಕಿದ ಹಸಿರು ಚೀಟಿ ಅಂಟಿಸಿ ಕಳಿಸಿದ್ದೆ. ಅದಕ್ಕೆ ಎರಡು ದನಿ ಇದೆ. ಔಷಧಿ ಮುಗಿಯುತ್ತ ಬಂದರೆ ದಪ್ಪ ದನಿ. ನಳಿಕೆ ಕಟ್ಟಿಕೊಂಡರೆ ಚೂಪು ದನಿ. ಎರಡನೆಯದೇ ಮುಖ್ಯ.

“ಅಕ್ಕಾ, ರೋಗಿಗೆ ಹಾಕೋ ಮುಂಚೆ ನಾನೊಂದ್ಸಲ ಕೂಗಿಸಿ ನೋಡ್ತೀನಿ, ಅಭ್ಯಾಸ. ಇದು ಬಾಯೇ ಬಿಡ್ತಿಲ್ಲ.”

“ನಿನ್ನೆ ನಾನೇ ನೋಡಿದ್ದೆನಲ್ಲ ಸಿಸ್ಟರ್.”

“ನೋಡಿದ್ರಿ. ಕೇಳಿದ್ರಾ?”

ನಾನು ಪಂಪು ಚಾಲೂ ಮಾಡಿ ನಳಿಕೆ ಅದುಮಿ ಹಿಡಿದೆ. ಕೆಂಪು ದೀಪ ಮಿಣುಕಿತು. ನಿನ್ನೆಯೂ ಮಿಣುಕಿತ್ತು, ಅದನ್ನೇ ನೋಡಿ ಸಹಿ ಹಾಕಿದ್ದೆ. ಸಿಸ್ಟರ್ ಪಕ್ಕದಲ್ಲಿದ್ದ ಇನ್ನೊಂದು ಪಂಪನ್ನು ಹಾಗೇ ಮಾಡಿದರು. “ಇದು ಕೂಗ್ತಿದೆ. ಅದು ಕೂಗ್ತಿಲ್ಲ. ಗೊತ್ತಾಗ್ತಿದೆಯಾ?”

ನನಗೆ ಎರಡೂ ಒಂದೇ ಥರ ಇತ್ತು. ಎರಡೂ ಮೌನ.

ಸಿಸ್ಟರ್ ಬಾಗಿಲು ಮುಂದೆ ಮಾಡಿ ಸ್ಟೂಲ್ ಎಳೆದುಕೊಂಡು ಕೂತರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಇವತ್ತು ಯಾರಿಗೂ ಹೇಳಲ್ಲ ಅಕ್ಕಾ. ಆದ್ರೆ ನೀವೇ ಏನಾದ್ರೂ ದಾರಿ ಹುಡುಕಬೇಕು. ಆ ಹಾಸಿಗೆ ಮೇಲೆ ಮಲಗಿರೋರಿಗೆ ಬೇರೆ ಬಾಯಿಲ್ಲ.”

ಫ್ಯಾನ್ ಅಲ್ಲ. ನಲ್ಲಿ ಅಲ್ಲ. ನನಗೆ ಕೇಳಿಸುತ್ತಿಲ್ಲ.

ಆಗಸ್ಟ್ 14, ಗುರುವಾರ

ಯಾರೇ ಸಹಿ ಹಾಕಿರಲಿ, ಆಸ್ಪತ್ರೆಯ ನಲವತ್ತೊಂದು ಪಂಪನ್ನೂ ಒಂದೊಂದಾಗಿ ತರಿಸಿ ಮತ್ತೆ ನೋಡಬೇಕು. ಸಿಸ್ಟರ್ ಊಟದ ವಿರಾಮದಲ್ಲಿ ಬಂದು ನನ್ನ ಬದಲಿಗೆ ಕೇಳುತ್ತೇನೆ ಅಂದಿದ್ದಾರೆ. ವರ್ಕ್‌ಶಾಪಿನಲ್ಲಿ ಯಾರಾದರೂ ಕೇಳಿದರೆ ನಮಗಿಬ್ಬರಿಗೂ ಹರಟೆ ಚಟ ಅಂತ ಹೇಳುವುದು.

ಆಗಸ್ಟ್ 22, ಶುಕ್ರವಾರ

ಸಿಸ್ಟರ್ ಎಷ್ಟು ದಿನ ಅಂತ ಬಂದಾರು? ಅವರಿಗೆ ಅವರ ವಾರ್ಡಿದೆ.

ಗುಜರಿಗೆ ಹಾಕಲು ಇಟ್ಟಿದ್ದ ಹಳೇ ಯಂತ್ರವೊಂದರಿಂದ ಮುಳ್ಳಿನ ಮೀಟರ್ ಬಿಚ್ಚಿದೆ. ಗಾಜು ಸ್ವಲ್ಪ ಸೀಳಿದೆ, ಮುಳ್ಳು ಮಾತ್ರ ನೆಟ್ಟಗಿದೆ. ಅದಕ್ಕೆ ಚಿಕ್ಕ ಮೈಕು, ಎರಡು ಬಿಡಿಭಾಗ, ಒಂದು ಬ್ಯಾಟರಿ ಸೇರಿಸಿ ಮಗಳ ಹಳೇ ಪೆನ್ಸಿಲ್ ಡಬ್ಬಿಯೊಳಗೆ ಕೂರಿಸಿದೆ. ಪಂಪಿನ ಸ್ಪೀಕರಿನಿಂದ ಒಂದು ಗೇಣು ದೂರದಲ್ಲಿ ಇಟ್ಟರೆ, ಅದು ಕೂಗಿದಷ್ಟು ಮುಳ್ಳು ಏಳುತ್ತೆ. ಹೊಸ ಪಂಪಿಗೆ ಅರವತ್ತಕ್ಕೆ ಹೋಯಿತು. ಮೂರು ಸಲ ಮಾಡಿದೆ, ಮೂರು ಸಲವೂ ಅರವತ್ತು. ಕಿವಿ ಬೇಡ, ಕಣ್ಣು ಸಾಕು.

ನಮ್ಮ ಸಹೋದ್ಯೋಗಿ ಗಡಿಯಾರ ಬಂದು ಇಣುಕಿದ. ಒಂದು ಗಂಟೆ ಹೊಡೆಯುವುದಕ್ಕೆ ಎರಡು ನಿಮಿಷ ಮುಂಚೆ ಊಟದ ಡಬ್ಬಿ ಬಿಚ್ಚುವುದರಿಂದ ಅವನಿಗೆ ಆ ಹೆಸರು. “ಏನಕ್ಕಾ ಇದು, ಪೆನ್ಸಿಲ್ ಡಬ್ಬಿಗೆ ಬಿಪಿ ನೋಡ್ತಿದ್ದೀರಾ?” ಅಂದ. ನಕ್ಕು ಡಬ್ಬಿ ಮುಚ್ಚಿದೆ.

ಎಷ್ಟೋ ತಿಂಗಳ ಮೇಲೆ ಬೆಸುಗೆ ಹಾಕುವಾಗ ಶಿಳ್ಳೆ ಹೊಡೆಯುತ್ತಿದ್ದೆನಂತೆ. ಗಡಿಯಾರ ಹೇಳಿದ್ದು. ಶ್ರುತಿ ಎಲ್ಲಿಗೋ ಹೋಗಿತ್ತಂತೆ.

ಆಗಸ್ಟ್ 30, ಶನಿವಾರ

ವಿಚಿತ್ರ.

ನಲವತ್ತೊಂದೂ ಮುಗಿಯಿತು. ಪೂರ್ತಿ ಮೂಕವಾಗಿದ್ದದ್ದು ಆ ಒಂದೇ. ಅಷ್ಟರಮಟ್ಟಿಗೆ ಉಸಿರು ಬಂತು. ಆದರೆ ಇನ್ನೂ ಏಳು ಪಂಪುಗಳಲ್ಲಿ ಮುಳ್ಳು ಮೂವತ್ತು ದಾಟುತ್ತಲೇ ಇಲ್ಲ. ಆ ಏಳನ್ನೂ ಸಿಸ್ಟರ್ ಮೊನ್ನೆ ಕೇಳಿ “ಸರಿಯಾಗಿ ಕೂಗ್ತಿದೆ” ಅಂದಿದ್ದರು. ಅದರಲ್ಲಿ ನಾಲ್ಕಕ್ಕೆ ಸಹಿ ಹಾಕಿದ್ದು ಗಡಿಯಾರ. ಅವನ ಕಿವಿ ಎಂಥದ್ದು ಅಂದರೆ ಮೂರನೇ ಮಹಡಿಯಲ್ಲಿ ಚಮಚ ಬಿದ್ದರೂ ಗೊತ್ತಾಗುತ್ತೆ.

ಒಂದನ್ನು ಬಿಚ್ಚಿದೆ. ವಾರ್ಡಿನಲ್ಲಿ ದಿನಾ ಪಂಪು ಒರೆಸುವ ದ್ರವ ಜಾಲರಿಯೊಳಗೆ ಇಳಿದು ಸ್ಪೀಕರಿನ ಪೊರೆ ಗಡುಸಾಗಿದೆ. ಒಂದೇ ದಿನಕ್ಕೆ ಆದದ್ದಲ್ಲ, ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ದನಿ ಇಳಿದಿದೆ. ನಾವು ಪರೀಕ್ಷೆ ಮಾಡುವುದು ಮೇಜಿನ ಮೇಲೆ, ಮೂಗಿನ ಕೆಳಗೆ ಇಟ್ಟುಕೊಂಡು. ಅಲ್ಲಿ ಕೇಳಿಸುತ್ತೆ. ವಾರ್ಡಿನಲ್ಲಿ ಸಿಸ್ಟರ್ ಇರುವುದು ಎರಡು ಕೋಣೆ ಆಚೆ.

ಇದನ್ನು ಸಾಹೇಬರಿಗೆ ಹೇಳಲೇಬೇಕು. ಹೇಳಿದರೆ, ಮುಳ್ಳು ಯಾಕೆ ಬೇಕಾಯ್ತು ಅಂತ ಕೇಳುತ್ತಾರೆ.

ಸದ್ಯಕ್ಕೆ ಏಳನ್ನೂ ‘ಸ್ಪೀಕರ್ ಬದಲಾಯಿಸಬೇಕು’ ಅಂತ ಚೀಟಿ ಅಂಟಿಸಿ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೇನೆ.

ಸೆಪ್ಟೆಂಬರ್ 2, ಮಂಗಳವಾರ

ಎರಡೂ ಸಮ್ಮೇಳನಗಳಿಗೆ ಮೇಲ್ ಬರೆದೆ. ಒಂದೇ ಒಕ್ಕಣೆ. “ನನ್ನ ಸಹೋದ್ಯೋಗಿಯೊಬ್ಬರು ಬರುವ ಯೋಚನೆಯಲ್ಲಿದ್ದಾರೆ. ಅವರಿಗೆ ಕಿವಿ ಸ್ವಲ್ಪ ಮಂದ. ಅಂಥವರಿಗೆ ನಿಮ್ಮಲ್ಲಿ ಏನು ಅನುಕೂಲ ಇದೆ?”

ಸಹೋದ್ಯೋಗಿಯಂತೆ! ಸುಳ್ಳು ಹೇಳಿದ್ದು ಹೇಳಿದೆ, ಅವಳಿಗೊಂದು ಹೆಸರನ್ನೂ ಇಡಬಹುದಿತ್ತು.

ಸೆಪ್ಟೆಂಬರ್ 5, ಶುಕ್ರವಾರ

ದೊಡ್ಡದರಿಂದ ಅವತ್ತೇ ಉತ್ತರ ಬಂದಿತ್ತು, ಬರೆಯಲು ಮರೆತಿದ್ದೆ. “ನಿಮ್ಮ ಪ್ರಶ್ನೆ ನಮಗೆ ಅಮೂಲ್ಯ.” ಆಮೇಲೆ ಏನೂ ಇಲ್ಲ. ಇವತ್ತು ಇನ್ನೊಂದು ಬಂತು. ಮತ್ತೆ ಅಮೂಲ್ಯ.

ಚಿಕ್ಕದರಿಂದ ಇವತ್ತು ಬಂದದ್ದು ಪತ್ರ ಅನ್ನಬೇಕು. ಬರೆದವರು ಅದರ ಸಂಚಾಲಕರು, ನಲವತ್ತು ವರ್ಷ ಎಕ್ಸ್‌ರೇ ಯಂತ್ರ ರಿಪೇರಿ ಮಾಡಿ ನಿವೃತ್ತರಾದವರು. ಸಭಾಂಗಣದಲ್ಲಿ ಮಾತು ಸ್ವಲ್ಪ ಗುಂಯ್ ಅನ್ನುತ್ತದೆ, ಹಾಗಾಗಿ ಮಾತಾಡಿದ್ದೆಲ್ಲ ಪರದೆ ಮೇಲೆ ಅಕ್ಷರವಾಗಿ ಬರುವ ಏರ್ಪಾಡು ಮಾಡಿದ್ದೇವೆ, ಅದು ಆಗಾಗ ಎಡವುತ್ತದೆ, ಕ್ಷಮಿಸಬೇಕು ಅಂತ ಬರೆದಿದ್ದಾರೆ. ಹಿಂದಿನ ಸಾಲಿಗಿಂತ ಮೊದಲ ಸಾಲು ಒಳ್ಳೆಯದಂತೆ, ಕಂಬದ ಎಡಗಡೆ ಇನ್ನೂ ಒಳ್ಳೆಯದಂತೆ. ಕೊನೆಗೆ ಹೀಗಿದೆ: “ನಿಮ್ಮ ಸಹೋದ್ಯೋಗಿಗೆ ಅಲ್ಲೊಂದು ಕುರ್ಚಿ ಕಾದಿರಿಸಿದ್ದೇನೆ. ಪಕ್ಕದಲ್ಲಿ ನಿಮಗೂ ಒಂದು. ನೀವು ಯಾವ ಯಂತ್ರ ನೋಡಿಕೊಳ್ಳುತ್ತೀರಿ? ಈಚೆಗೆ ನಿಮಗೆ ತಲೆ ತಿಂದ ರಿಪೇರಿ ಯಾವುದು?”

ನಾಲ್ಕು ಸಲ ಓದಿದೆ.

ಸೆಪ್ಟೆಂಬರ್ 6, ಶನಿವಾರ

ಉತ್ತರ ಬರೆದೆ. “ಒಂದು ಕುರ್ಚಿ ಸಾಕು ಸರ್.” ಆಮೇಲೆ ಪಂಪಿನ ವಿಷಯ ಬರೆದೆ. ಬರೆಯುತ್ತ ಎರಡು ಪುಟವಾಯಿತು.

ಸೆಪ್ಟೆಂಬರ್ 7, ಭಾನುವಾರ

ಸಂಜೆ ನಾವಿಬ್ಬರೂ ಕಾಲುವೆ ದಂಡೆಯಲ್ಲಿ ನಡೆಯಲು ಹೋಗಿದ್ದೆವು. ಮಾತು ಹೇಗೆ ತೆಗೆಯುವುದು ಅಂತ ಒದ್ದಾಡಿ ಒದ್ದಾಡಿ, ಸೇತುವೆ ಹತ್ತಿರ ಬಂದ ಮೇಲೆ, “ರೀ, ನನಗೆ ಸರಿಯಾಗಿ ಕಿವಿ ಕೇಳಿಸ್ತಿಲ್ಲ” ಅಂದುಬಿಟ್ಟೆ.

“ಗೊತ್ತು” ಅಂದರು.

“ಏನು ಗೊತ್ತು?”

“ಎರಡು ವರ್ಷದಿಂದ ನಿನ್ನ ಎಡಗಡೇನೇ ನಡೀತಾ ಇದ್ದೀನಲ್ಲ. ಬಲಗಡೆ ಬಂದು ಏನಾದ್ರೂ ಹೇಳಿದ್ರೆ ನೀನು ‘ಹೂಂ’ ಅಂತೀಯ, ಅಷ್ಟೆ. ಹಾಗೆ ಹೂಂ ಅನ್ನಿಸಿಕೊಂಡೇ ನಾನು ಆ ಹಳೇ ಸ್ಕೂಟರ್ ಮಾರದೆ ಇಟ್ಕೊಂಡಿರೋದು.”

ನನಗೆ ನಗು ಬಂತು, ಅಳುವೂ ಬಂತು. ಯಾಕೆ ಹೇಳಲಿಲ್ಲ ಅಂತ ಜಗಳ ತೆಗೆದೆ. “ನೀನೇ ಹೇಳಲಿ ಅಂತ ಕಾದೆ. ಕಾಯೋದು ನನಗೆ ರೂಢಿ, ದಿನಾ ಸಿಗ್ನಲ್‌ನಲ್ಲಿ ಕಾಯ್ತೀನಿ” ಅಂದರು. ಆಮೇಲೆ ಎಡಗಡೆಯಿಂದಲೇ ಕೇಳಿದರು, “ಕೆಲಸಕ್ಕೆ ತೊಂದರೆ ಆಗುತ್ತಾ?”

ಆಗಬಹುದು ಅಂದೆ.

ಸೆಪ್ಟೆಂಬರ್ 10, ಬುಧವಾರ

ಸಾಹೇಬರನ್ನು ವರ್ಕ್‌ಶಾಪಿಗೆ ಕರೆದೆ. ಮೇಜಿನ ಮೇಲೆ ಎರಡು ಪಂಪು ಇಟ್ಟು ಒಂದಾದ ಮೇಲೊಂದು ಕೂಗಿಸಿದೆ.

“ಹೇಗಿದೆ ಸರ್?”

“ಎರಡೂ ಚೆನ್ನಾಗೇ ಇದೆಯಲ್ಲ.”

“ಈಗ ದಯವಿಟ್ಟು ಆಚೆ ಹೋಗಿ, ಲಿಫ್ಟ್ ಹತ್ತಿರ ನಿಂತ್ಕೊಳ್ಳಿ. ಬಾಗಿಲು ಹಾಕ್ತೀನಿ. ಕೇಳಿಸಿದಾಗೆಲ್ಲ ಕೈ ಎತ್ತಿ.”

ಗಡಿಯಾರನನ್ನು ಜೊತೆಗೆ ಸಾಕ್ಷಿಗೆ ಕಳಿಸಿದೆ. ವಾಪಸ್ ಬಂದಾಗ ಇಬ್ಬರ ಮುಖವೂ ಪೆಚ್ಚಾಗಿತ್ತು. ಎರಡನೆಯದು ಅವರಿಗೆ ಒಮ್ಮೆಯೂ ಕೇಳಿಸಿರಲಿಲ್ಲ. ಮುಳ್ಳಿನ ಡಬ್ಬಿ ಇಟ್ಟು ತೋರಿಸಿದೆ. ಒಂದಕ್ಕೆ ಅರವತ್ತು, ಇನ್ನೊಂದಕ್ಕೆ ಇಪ್ಪತ್ತೆಂಟು. ಇಂಥವು ಏಳಿವೆ ಸರ್ ಅಂದೆ. ಸಾಹೇಬರು ಕನ್ನಡಕ ತೆಗೆದು ಒರೆಸಿದರು.

“ನಿಮಗೆ ಇದು ಹೇಗೆ ಹೊಳೀತು?”

ಇದೇ ಪ್ರಶ್ನೆ ಬರುತ್ತೆ ಅಂತ ಗೊತ್ತಿತ್ತು. “ನೀವು ಲಿಫ್ಟ್ ಹತ್ತಿರ ಹೋದಾಗ ಕೇಳಿಸಲಿಲ್ಲ ಸರ್. ನನಗೆ ಇಲ್ಲಿ, ಈ ಸ್ಟೂಲ್ ಮೇಲೆ ಕೂತಾಗಲೇ ಕೇಳಿಸಲ್ಲ. ಅದಕ್ಕೇ ಮುಳ್ಳು ಇಟ್ಟೆ.” ಮೂಕ ಪಂಪಿಗೆ ಸಹಿ ಹಾಕಿದ್ದನ್ನೂ ಹೇಳಿದೆ. ಸಿಸ್ಟರ್ ಹೆಸರು ಎತ್ತಲಿಲ್ಲ.

ಸಾಹೇಬರು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ಇದನ್ನ ನಾನು ಮೇಲೆ ಹೇಳಲೇಬೇಕಾಗುತ್ತೆ ಅಮ್ಮಾ. ಎರಡನ್ನೂ” ಅಂದರು.

ಹೇಳಲಿ.

ಸೆಪ್ಟೆಂಬರ್ 18, ಗುರುವಾರ

ಕಿವಿ ಪರೀಕ್ಷೆ ಆಯಿತು. ಗಾಜಿನ ಪೆಟ್ಟಿಗೆಯಂಥ ಕೋಣೆ. ಕೇಳಿಸಿದಾಗ ಗುಂಡಿ ಒತ್ತಬೇಕು. ಎಷ್ಟೋ ಹೊತ್ತು ಸುಮ್ಮನೆ ಕೂತು, ಯಂತ್ರ ಕೆಟ್ಟಿದೆಯೇನೋ, ಬಿಚ್ಚಿ ನೋಡಲೇ ಅಂದುಕೊಂಡೆ. ಯಂತ್ರ ಸರಿಯಾಗಿತ್ತು. ಎರಡೂ ಕಿವಿಗೆ ಚೂಪು ದನಿಗಳು ಹೋಗಿವೆ, ಬಲಗಿವಿಗೆ ಜಾಸ್ತಿ. ಹೋದದ್ದು ಮತ್ತೆ ಬರುವುದಿಲ್ಲ, ಯಂತ್ರ ಹಾಕಿಕೊಂಡರೆ ಅನುಕೂಲವಾಗುತ್ತದೆ, ಅಳತೆ ಕೊಟ್ಟು ತರಿಸೋಣ ಅಂದರು ಡಾಕ್ಟರ್.

ಮೇಲಿನಿಂದ ಆದೇಶವೂ ಬಂತು. ಮುಂದಿನ ಸೂಚನೆಯವರೆಗೆ ಅಲಾರಾಂ ಇರುವ ಯಾವ ಯಂತ್ರಕ್ಕೂ ನಾನು ಸಹಿ ಹಾಕುವಂತಿಲ್ಲ. ನ್ಯಾಯವೇ. ಆ ಹಸಿರು ಚೀಟಿಯ ಕಟ್ಟನ್ನು ಗಡಿಯಾರನ ಮೇಜಿಗೆ ಇಟ್ಟು ಬಂದೆ. ಅವನು ತಲೆ ಎತ್ತಲಿಲ್ಲ.

ಸೆಪ್ಟೆಂಬರ್ 19, ಶುಕ್ರವಾರ

ಏನೂ ಇಲ್ಲ.

ಸೆಪ್ಟೆಂಬರ್ 26, ಶುಕ್ರವಾರ

ಸಾಹೇಬರು ನಮ್ಮಿಬ್ಬರನ್ನೂ ಕರೆಸಿದರು. ಮೇಲಿನವರ ಯೋಚನೆ ಏನೆಂದರೆ, ನನ್ನ ಪರಿಸ್ಥಿತಿಯಲ್ಲಿ ಪ್ರಯಾಣ, ಜನಜಂಗುಳಿ ಕಷ್ಟವಾಗಬಹುದು, ಆದ್ದರಿಂದ ಈ ಸಲ ಗಡಿಯಾರ ದೊಡ್ಡದಕ್ಕೆ ಹೋಗಿಬರಲಿ. ಬೇಕಾದರೆ ಡಬ್ಬಿಯನ್ನೂ ಒಯ್ದು ಯಾರಿಗಾದರೂ ತೋರಿಸಲಿ.

ಆಗಸ್ಟಿನಲ್ಲಿ ಹೀಗಂದಿದ್ದರೆ ಒಳಗೊಳಗೇ ಕುಣಿದಾಡುತ್ತಿದ್ದೆನೇನೋ.

ನಾನು ಬಾಯಿ ತೆರೆಯುವ ಮೊದಲೇ ಗಡಿಯಾರ, “ಸರ್, ಅದನ್ನ ಹಿಡ್ಕೊಂಡು ನಾನು ಏನಂತ ಹೇಳಲಿ? ನಾಲ್ಕು ಪಂಪಿಗೆ ನಾನೇ ಸಹಿ ಹಾಕಿದ್ದೆ, ಇಷ್ಟು ಚೆನ್ನಾಗಿ ಕೇಳಿಸೋ ಕಿವಿ ಇಟ್ಕೊಂಡು. ಅಕ್ಕನೇ ಹೋಗಲಿ” ಅಂದ.

“ನನ್ನ ಸರದಿ ಸರ್” ಅಂದೆ. “ನಾನೇ ಹೋಗ್ತೀನಿ. ಚಿಕ್ಕದಕ್ಕೆ.”

“ಅಲ್ಲಿ ಎದ್ದು ನಿಂತು ಮಾತಾಡಬೇಕಂತಲ್ಲ?”

“ಹೌದು ಸರ್. ಹತ್ತು ನಿಮಿಷ ಸಾಲುತ್ತೋ ಇಲ್ವೋ ಅಂತ ಯೋಚನೆ.”

ಸಾಹೇಬರು ನನ್ನ ಮುಖವನ್ನೇ ನೋಡಿದರು. ಅದರಲ್ಲಿ ನೋಡುವಂಥದ್ದು ಏನಿತ್ತೋ. ಮೇಲಿನವರ ಹತ್ತಿರ ನಾನು ಮಾತಾಡ್ತೀನಿ ಅಂದರು. ಸಂಜೆ ಫಾರಂ ಕೈಗೆ ಬಂತು, ತುಂಬಿದೆ.

ಅಕ್ಟೋಬರ್ 11, ಶನಿವಾರ

ಭಾಷಣ ಮನೆಯಲ್ಲಿ ಹೇಳಿ ನೋಡಿದೆ. ಮಗಳು ಫೋನಿನಲ್ಲಿ ಸಮಯ ಹಿಡಿದಳು, ನಮ್ಮವರು ಸಭಿಕರು. ಶುರು ಮಾಡುವಷ್ಟರಲ್ಲಿ ಅತ್ತೆ “ತಾಳು” ಅಂತ ಕೈ ತೋರಿಸಿ, ಡ್ರಾಯರ್ ತೆಗೆದು, ಕಿವಿ ಯಂತ್ರ ಒರೆಸಿ ಹಾಕಿಕೊಂಡು ಬಂದು ಕೂತರು. ತಮ್ಮ ಮದುವೆ ಮಾತುಕತೆಗೂ ಅಮ್ಮ ಇಷ್ಟು ತಯಾರಾಗಿ ಕೂತಿರಲಿಲ್ಲ ಅಂತ ನಮ್ಮವರು ಅಂದರು.

ಹದಿಮೂರು ನಿಮಿಷ ಆಯಿತು. ಮಗಳು ಎರಡು ಪ್ಯಾರಾ ಹೊಡೆದುಹಾಕಿದಳು. ಅತ್ತೆ, “ಎಲ್ಲ ಸರಿ. ಆದ್ರೆ ಯಾಕೇ ಅಷ್ಟು ಕಿರುಚ್ತೀಯ? ನಿನಗೆ ಕೇಳಿಸಲ್ಲ ಅಂದ್ರೆ ನಮಗೂ ಕೇಳಿಸಲ್ವಾ?” ಅಂದರು.

ಈ ಮಾತನ್ನು ಎಪ್ಪತ್ತೆಂಟರಲ್ಲಿ ಅವರು ಹೇಳುತ್ತಾರೆ!

ಅಕ್ಟೋಬರ್ 16, ಗುರುವಾರ

ಪಾಲಿಟೆಕ್ನಿಕ್ಕಿನ ಅತಿಥಿಗೃಹ. ಹಾಸಿಗೆ ಗಟ್ಟಿ, ಕಿಟಕಿ ದೊಡ್ಡದು. ಕಾಲು ನೋಯುತ್ತಿದೆ, ತಲೆ ತುಂಬಿದೆ.

ಕಂಬದ ಎಡಗಡೆ, ಮೊದಲ ಸಾಲು. ಕುರ್ಚಿಗೆ ಚೀಟಿ ಅಂಟಿಸಿತ್ತು, “ಪಂಪಿನವರು”. ಪರದೆಯ ಮೇಲೆ ಮಾತೆಲ್ಲ ಅಕ್ಷರವಾಗಿ ಬರುತ್ತಿತ್ತು, ಆಗಾಗ ಎಡವುತ್ತಲೂ ಇತ್ತು. ಒಬ್ಬರು ಬೆಸುಗೆ ಬಗ್ಗೆ ಮಾತಾಡಿದರೆ ಅದು “ಬೇಸಿಗೆ ಬಿಟ್ಟಿದ್ದರೆ ಮತ್ತೆ ಬೇಸಿಗೆ ಹಾಕಿ” ಅಂತ ಬರೆಯಿತು. ಸಭೆಗೆ ಸಭೆಯೇ ನಕ್ಕಿತು. ಎಷ್ಟೋ ಕಾಲದ ಮೇಲೆ ಎಲ್ಲರೂ ನಕ್ಕಾಗಲೇ ನಾನೂ ನಕ್ಕೆ. ಸಾಮಾನ್ಯವಾಗಿ ಉಳಿದವರ ಮುಖ ನೋಡಿಕೊಂಡು ಒಂದು ಗಳಿಗೆ ತಡವಾಗಿ ನಗುತ್ತಿದ್ದೆ.

ಕಷ್ಟವಾದದ್ದು ಚಹಾದ ವಿರಾಮ. ಅಲ್ಲಿ ಪರದೆ ಇಲ್ಲ. ನೂರಿಪ್ಪತ್ತು ಬಾಯಿ, ನೂರಿಪ್ಪತ್ತು ಲೋಟ. ದೊಡ್ಡ ಮೀಸೆಯವರೊಬ್ಬರು ಬಂದು ಪರಿಚಯ ಮಾಡಿಕೊಂಡರು. ಅವರೂ ಪಂಪಿನವರೇ, ಮೂವತ್ತು ವರ್ಷದ ಅನುಭವ. ಏನೇನೋ ಹೇಳಿದರು, ನಾನು ಹೂಂ ಅಂದೆ. ಕೊನೆಗೆ ಏನೋ ಹೇಳಿ ಸ್ವಲ್ಪ ನಕ್ಕ ಹಾಗೆ ಕಂಡಿತು. “ಹೌದಾ, ಬಹಳ ಸಂತೋಷ” ಅಂದೆ.

ಅವರ ಮುಖ ಕಪ್ಪಿಟ್ಟಿತು. ಲೋಟ ಇಟ್ಟು ಹೊರಟುಹೋದರು. ಪಕ್ಕದಲ್ಲಿದ್ದವರು ನನ್ನ ಕಿವಿಯ ಹತ್ತಿರ ಬಾಗಿ ಹೇಳಿದರು. ಮೀಸೆಯವರು ಹೇಳಿದ್ದು, ಹೋದ ವರ್ಷ ನನ್ನ ಹೆಂಡತಿಯೂ ಬಂದಿದ್ದಳು, ಈ ವರ್ಷ ಅವಳಿಲ್ಲ, ತೀರಿಕೊಂಡಳು ಅಂತ.

ಆ ನೆಲ ಬಾಯಿ ಬಿಟ್ಟಿದ್ದರೆ ಸಾಕಿತ್ತು. ಬ್ಯಾಗ್ ತೆಗೆದುಕೊಂಡು ಬಸ್ ನಿಲ್ದಾಣಕ್ಕೆ ಹೋಗೋಣ ಅಂತ ಗೇಟಿನವರೆಗೆ ನಡೆದೆ. ಗೇಟಿನ ಪಕ್ಕದ ಕಲ್ಲು ಬೆಂಚಿನ ಮೇಲೆ ಮೀಸೆಯವರೇ ಕೂತಿದ್ದರು, ಒಬ್ಬರೇ.

ಹೋಗಿ ಎದುರಿಗೆ ನಿಂತೆ. “ನನಗೆ ಕಿವಿ ಕೇಳಿಸಲ್ಲ ಸರ್. ನೀವು ಕೊನೆಗೆ ಹೇಳಿದ್ದು ನನಗೆ ಒಂದಕ್ಷರವೂ ಗೊತ್ತಾಗಿರಲಿಲ್ಲ. ಗೊತ್ತಾದ ಹಾಗೆ ನಟಿಸಿದೆ. ತಪ್ಪಾಯ್ತು.”

ಬೆಂಚಿನ ಮೇಲೆ ಜರುಗಿ ಜಾಗ ಮಾಡಿಕೊಟ್ಟರು. ಆಮೇಲೆ ಎರಡೂ ಕೈಯಿಂದ ಮೀಸೆಯನ್ನು ಮೇಲಕ್ಕೆ ಎತ್ತಿ ಹಿಡಿದು, ನಿಧಾನವಾಗಿ, ತುಟಿ ಕಾಣುವ ಹಾಗೆ ಹೇಳಿದರು. “ಮೀಸೆಯೊಳಗೆ ಮಾತಾಡ್ತೀರಿ, ಏನೂ ತಿಳಿಯಲ್ಲ ಅಂತ ಅವಳೂ ದಿನಾ ಬೈತಿದ್ದಳು.”

ನಾವಿಬ್ಬರೂ ಆ ಬೆಂಚಿನ ಮೇಲೆ ಕೂತು ಮುಂದಿನ ಗೋಷ್ಠಿ ಪೂರ್ತಿ ತಪ್ಪಿಸಿಕೊಂಡೆವು. ಆಕೆ ಬ್ಯಾಂಕಿನಲ್ಲಿದ್ದರಂತೆ. ಸಮ್ಮೇಳನಕ್ಕೆ ಬರುತ್ತಿದ್ದದ್ದು ಊಟ ಚೆನ್ನಾಗಿರುತ್ತೆ ಅಂತ.

ಅಕ್ಟೋಬರ್ 17, ಶುಕ್ರವಾರ

ಬಸ್ಸಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿವೆ.

ನನ್ನದು ಹನ್ನೊಂದು ಗಂಟೆಗೆ ಇತ್ತು. ಮೈಕಿನ ಮುಂದೆ ನಿಂತಾಗ ಮೊದಲ ವಾಕ್ಯ ಮರೆತುಹೋಯಿತು. ಬರೆದುಕೊಂಡಿದ್ದ ಕಾಗದವನ್ನು ಕುರ್ಚಿಯ ಮೇಲೇ ಬಿಟ್ಟಿದ್ದೆ. ಹಾಗಾಗಿ ನಡೆದದ್ದನ್ನೇ ಹೇಳಿದೆ: ಮೂಕ ಪಂಪಿಗೆ ಸಹಿ ಹಾಕಿದೆ, ಸಿಸ್ಟರ್ ಹಿಡಿದರು, ಡಬ್ಬಿ ಮಾಡಿದೆ, ಚೆನ್ನಾಗಿ ಕಿವಿ ಕೇಳಿಸುವವರಿಗೂ ಗೊತ್ತಾಗದ ಏಳು ಸಿಕ್ಕಿದವು. ಮಗಳು ಹೊಡೆದುಹಾಕಿದ್ದ ಎರಡು ಪ್ಯಾರಾವೂ ಬಂದುಹೋದವು. ಗಂಟೆ ಹೊಡೆದರಂತೆ, ನನಗೆಲ್ಲಿ ಕೇಳಿಸಬೇಕು? ಸಂಚಾಲಕರು ಎದ್ದು ಬಂದು ಕೈಗಡಿಯಾರ ತೋರಿಸಿ, ಮುಂದುವರಿಸಿ ಅಂತ ಸನ್ನೆ ಮಾಡಿ ಹೋದರು.

ಪ್ರಶ್ನೆಗಳು ಬಹಳ ಬಂದವು. ಹಿಂದಿನ ಸಾಲಿನವರನ್ನೆಲ್ಲ ಮುಂದೆ ಕರೆದು ಕೇಳಿಸಿಕೊಂಡೆ. ಒಬ್ಬರು ಮೂರು ಸಲ ಹೇಳಬೇಕಾಯಿತು, ಹೇಳಿದರು. ಮೈಕನ್ನು ಎಷ್ಟು ದೂರದಲ್ಲಿ ಇಡಬೇಕು, ಕೋಣೆಯ ಸದ್ದು ಸೇರಿಕೊಂಡರೆ ಏನು ಮಾಡುತ್ತೀರಿ ಅಂತೆಲ್ಲ ಕೇಳಿದರು. ಕೋಣೆಯ ಸದ್ದಿನ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಗೊತ್ತಿಲ್ಲ ಅಂದೆ. ಮೂರು ಜನ ಎದ್ದು ಮೂರು ಉಪಾಯ ಹೇಳಿದರು, ಎರಡು ಚೆನ್ನಾಗಿವೆ.

ಮೀಸೆಯವರು ನನ್ನ ಮಾತು ಮುಗಿದ ಕೂಡಲೇ ಎದ್ದು ಹೋಗಿದ್ದರು. ಬೇಜಾರಾಗಿತ್ತು. ಊಟದ ಹೊತ್ತಿಗೆ ಫೋನ್ ಕೈಯಲ್ಲಿ ಹಿಡಿದು ನನ್ನನ್ನು ಹುಡುಕಿಕೊಂಡು ಬಂದರು. ತಮ್ಮ ಆಸ್ಪತ್ರೆಗೆ ಫೋನ್ ಮಾಡಿ, ಒಂದೊಂದೇ ಪಂಪು ಕೂಗಿಸಿ ಬಾಗಿಲು ಹಾಕಿ ಆಚೆ ನಿಂತು ಕೇಳಿ ಅಂತ ಹೇಳಿದ್ದರಂತೆ. ಮೀಸೆ ಎತ್ತಿ ಹಿಡಿದು ಹೇಳಿದರು.

“ಒಂಬತ್ತು.”

“ಒಂಬತ್ತಾ?”

“ಒಂಬತ್ತೂ ನಾನೇ ಪಾಸು ಮಾಡಿದ್ದು ಮೇಡಂ.” ಒಂದು ಕುರ್ಚಿ ಎಳೆದು ಅವರನ್ನು ಕೂರಿಸಿದೆ. ಡಬ್ಬಿಯ ನಕ್ಷೆಯನ್ನು ಊಟದ ಮೇಜಿನ ಮೇಲೇ ಕಾಗದ ಹಾಸಿ ಬರೆದುಕೊಟ್ಟೆ. ಸುತ್ತ ಜನ ಸೇರಿದರು. ಎಷ್ಟು ನಕ್ಷೆ ಬರೆದೆನೋ ಲೆಕ್ಕವಿಲ್ಲ, ಅನ್ನ ಆರಿ ಹೋಯಿತು.

ದೊಡ್ಡದರಲ್ಲಿ ಏನು ನಡೆಯಿತೋ. ಪೇಪರಿನಲ್ಲಿ ಬಂದರೆ ಓದಿದರಾಯಿತು.

ಅಕ್ಟೋಬರ್ 20, ಸೋಮವಾರ

ಪರೀಕ್ಷೆಯ ಫಾರಂ ಬದಲಾಗಿದೆ. ‘ಅಲಾರಾಂ ಕೇಳಿಸಿತೇ? ಹೌದು / ಇಲ್ಲ’ ಅಂತ ಇದ್ದದ್ದು ‘ಮುಳ್ಳು ಎಷ್ಟು ತೋರಿಸಿತು?’ ಅಂತ ಆಗಿದೆ. ಎಲ್ಲರಿಗೂ ಅದೇ ನಿಯಮ, ನನ್ನ ಸಹಿಗಿದ್ದ ತಡೆಯೂ ಹೋಯಿತು. ಗಡಿಯಾರ ಹಸಿರು ಚೀಟಿಯ ಕಟ್ಟನ್ನು ತಂದು ನನ್ನ ಮೇಜಿನ ಮೇಲೆ ಇಟ್ಟು, “ಇದನ್ನ ಕಾಯೋದು ಸಾಕಾಯ್ತಕ್ಕಾ” ಅಂದ. ಸಾಹೇಬರು ಇನ್ನೂ ನಾಲ್ಕು ಡಬ್ಬಿ ಮಾಡಲು ಹೇಳಿದ್ದಾರೆ. ಪೆನ್ಸಿಲ್ ಡಬ್ಬಿ ಬೇಡವಂತೆ, ಸರಿಯಾದ ಪೆಟ್ಟಿಗೆ ತರಿಸುತ್ತಾರಂತೆ.

ಏಳು ಪಂಪಿಗೂ ಹೊಸ ಸ್ಪೀಕರ್ ಹಾಕಿದ್ದಾಯಿತು.

ಅಕ್ಟೋಬರ್ 30, ಗುರುವಾರ

ಕಿವಿ ಯಂತ್ರ ಬಂತು. ಕಾಗದ ಮಡಚಿದರೆ ಇಷ್ಟು ಸದ್ದಾಗುತ್ತಾ? ನಮ್ಮವರ ಚಪ್ಪಲಿ ಕಿರಗುಟ್ಟುತ್ತೆ, ಇಷ್ಟು ದಿನ ಯಾರೂ ಹೇಳಿರಲಿಲ್ಲ. ಗಂಟೆ ಕಳೆಯುವಷ್ಟರಲ್ಲಿ ತಲೆನೋವು. “ಡ್ರಾಯರಿನಲ್ಲಿ ಇನ್ನೂ ಒಂದಕ್ಕೆ ಜಾಗ ಇದೆ” ಅಂತ ಅತ್ತೆ ಆಸೆ ತೋರಿಸಿದರು. ದಿನಕ್ಕೆ ಒಂದೊಂದು ಗಂಟೆ ಜಾಸ್ತಿ ಮಾಡಬೇಕಂತೆ. ಮಾಡುತ್ತೇನೆ.

ನವೆಂಬರ್ 5, ಬುಧವಾರ

ಬೆಳಿಗ್ಗೆ ವರ್ಕ್‌ಶಾಪಿಗೆ ಫೋನ್ ಬಂತು. ಮೀಸೆಯವರ ಆಸ್ಪತ್ರೆಯ ಸಿಸ್ಟರ್. ನಿಧಾನವಾಗಿ ಹೇಳಿ, ನನಗೆ ಕಿವಿ ಮಂದ ಅಂದೆ. ಪಾಪ, ಒಂದೊಂದು ಪದವನ್ನೂ ಬಿಡಿಸಿ ಬಿಡಿಸಿ ಹೇಳಿದಳು.

ಒಂಬತ್ತು ಪಂಪಿಗೂ ಹೋದ ವಾರ ಸ್ಪೀಕರ್ ಬದಲಾಯಿಸಿದ್ದರಂತೆ. ಅದರಲ್ಲೊಂದನ್ನು ಹೃದಯದ ಔಷಧಿ ಕೊಡಲು ಒಬ್ಬ ಅಜ್ಜಿಗೆ ಹಾಕಿದ್ದರಂತೆ. ನಿನ್ನೆ ಮಧ್ಯಾಹ್ನ ಅದರ ನಳಿಕೆ ಮಡಚಿಕೊಂಡು ಕಟ್ಟಿಹೋಗಿದೆ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಔಷಧಿ ನಿಂತು ಅಜ್ಜಿಗೆ ಆಗಲೇ ಮಂಪರು ಕವಿಯುತ್ತಿತ್ತಂತೆ.

“ಕೂಗ್ತಾ?” ಅಂದೆ. ನನ್ನ ದನಿ ಎಷ್ಟು ಜೋರಾಗಿತ್ತೋ, ವರ್ಕ್‌ಶಾಪಿನಲ್ಲಿ ಎಲ್ಲರೂ ಕೈಯಲ್ಲಿದ್ದದ್ದನ್ನು ಕೆಳಗಿಟ್ಟರು.

“ಕೂಗ್ತು ಮೇಡಂ. ನಾನು ಎರಡು ಕೋಣೆ ಆಚೆ ಇದ್ದೆ, ಬಾಗಿಲು ಹಾಕಿತ್ತು. ಆದರೂ ಕೇಳಿಸ್ತು. ಓಡಿ ಬಂದೆ.”

“ಈಗ ಹೇಗಿದ್ದಾರೆ ಅವರು?”

“ಎದ್ದು ಕೂತಿದ್ದಾರೆ. ಕಾಫಿ ಬಿಸಿ ಇಲ್ಲ ಅಂತ ಬೆಳಿಗ್ಗೆಯಿಂದ ನಮ್ಮ ಜೊತೆ ಜಗಳ ಆಡ್ತಿದ್ದಾರೆ.”

“ಆಡಲಿ ಬಿಡಿ ಸಿಸ್ಟರ್” ಅಂದೆ. “ಚೆನ್ನಾಗಿ ಜಗಳ ಆಡಲಿ.”